ಸಂಘದ ಕಂಪ್ಯೂಟರಿನ ಬೀಗದ ಕೈ ಯಾರ ಹತ್ತಿರ ಇರಬೇಕು?

(ಬೆಳ್ಳಿ ಹಬ್ಬದ ಅಂಗವಾಗಿ ಏರ್ಪಡಿಸಿದ್ದ ಸದಸ್ಯರ ಶಿಕ್ಷಣ ಸಭೆಯಲ್ಲಿ ಸಂಘದ ನಿರ್ದೇಶಕರೊಬ್ಬರು ಮಾಡಿದ ಭಾಷಣ)



 ನಮಗೆ ಕೊಟ್ಟಿರುವ ವಿಷಯ ‘ಸಂಘದ ಗಣಕಯಂತ್ರಗಳಲ್ಲಿ ಬಳಕೆದಾರರ ಖಾತೆಗಳ ನಿರ್ವಹಣೆ’. ಈ ಹೆಸರು ಕೇಳುತ್ತಲೇ ಹಿಂದಿನ ಸಾಲಿನಲ್ಲಿ ಇಬ್ಬರು ಮೂವರು ಟವಲ್ ಕೊಡವಿಕೊಂಡು ಎದ್ದದ್ದು ನಮಗೆ ಕಾಣಿಸಿತು. ದಯವಿಟ್ಟು ಕೂತ್ಕೊಳ್ಳಿ. ನಾವೂ ಓದಿದ್ದು ಎಸ್ಸೆಸ್ಸೆಲ್ಸಿ. ನಮಗೆ ಅರ್ಥವಾದಷ್ಟನ್ನು, ಅರ್ಥವಾದ ಭಾಷೆಯಲ್ಲೇ ಹೇಳುತ್ತೇವೆ. ನಿಮ್ಮ ಷೇರು ಹಣ, ನಿಮ್ಮ ಠೇವಣಿ, ನಿಮ್ಮ ಮನೆಯವರ ಒಡವೆ ಸಾಲ ಎಲ್ಲವೂ ಇದರೊಳಗೆ ಬರುತ್ತದೆ.

ಮೊದಲು ಒಂದು ಹಳೇ ಮಾತು. ನಮ್ಮ ರಾಜ್ಯದಲ್ಲಿ ಸಹಕಾರದ ಬೀಜ ಬಿದ್ದದ್ದು 1905ರಲ್ಲಿ, ಗದಗ ಸೀಮೆಯ ಕಣಗಿನಹಾಳದಲ್ಲಿ. ಸಿದ್ದನಗೌಡ ಪಾಟೀಲರು ಅಲ್ಲಿ ಸಂಘ ಕಟ್ಟಿದರು. ಅಂದಿನಿಂದ ನೂರು ವರ್ಷ ಸಂಘಗಳ ಲೆಕ್ಕವೆಲ್ಲ ನಡೆದದ್ದು ಕೈಬರಹದಲ್ಲಿ. ಕಿರ್ದಿ, ಖಾತೆ, ರಸೀದಿ ಪುಸ್ತಕ, ನಡವಳಿ ಪುಸ್ತಕ ಎಲ್ಲವೂ ಕೈಯಲ್ಲೇ. ಹಾಗಾಗಿ ಒಂದು ಅನುಕೂಲ ಇತ್ತು. ಪುಸ್ತಕ ತೆರೆದರೆ ಸಾಕು, ಇದು ಇಂಥವರ ಅಕ್ಷರ ಅಂತ ಗೊತ್ತಾಗುತ್ತಿತ್ತು. ಯಾರಾದರೂ ತಿದ್ದಿದರೆ ಶಾಯಿಯ ಬಣ್ಣವೇ ಹೇಳಿಬಿಡುತ್ತಿತ್ತು. ಆಡಿಟರು ಬಂದರೆ ಪುಟದ ಮೇಲೆ ಬೆರಳಿಟ್ಟು ‘ಈ ಅಂಕಿ ಯಾರು ಬರೆದದ್ದು?’ ಅಂತ ಕೇಳುತ್ತಿದ್ದರು, ಬರೆದವರು ಎದ್ದು ನಿಂತು ಉತ್ತರ ಕೊಡಬೇಕಾಗಿತ್ತು.

ಕಂಪ್ಯೂಟರ್ ಬಂದ ಮೇಲೆ ಈ ಅನುಕೂಲ ಹೋಯಿತು. ಅದರಲ್ಲಿ ಯಾರು ಒತ್ತಿದರೂ ಅಕ್ಷರ ಒಂದೇ ಥರ. ಕಾರ್ಯದರ್ಶಿಗಳು ಒತ್ತಿದ ‘ಐದು’ ಕೂಡ ಅದೇ, ನೆನ್ನೆ ಸೇರಿದ ಹುಡುಗ ಒತ್ತಿದ ‘ಐದು’ ಕೂಡ ಅದೇ. ಹಾಗಾದರೆ ಬರೆದವರು ಯಾರು ಅಂತ ಗುರುತು ಹಿಡಿಯೋದು ಹೇಗೆ? ಅವರವರ ಹೆಸರಿನ ಖಾತೆಯಿಂದ. ಒಬ್ಬೊಬ್ಬರಿಗೆ ಒಂದೊಂದು ಹೆಸರು, ಅವರಿಗೆ ಮಾತ್ರ ಗೊತ್ತಿರುವ ಒಂದು ಗುಟ್ಟಿನ ಪದ. ಆ ಹೆಸರಿನಲ್ಲಿ ಒಳಗೆ ಬಂದವರು ಏನು ಮಾಡಿದರೋ ಅದು ಅವರ ಲೆಕ್ಕಕ್ಕೇ ಬರುತ್ತದೆ. ಕಂಪ್ಯೂಟರಿನಲ್ಲಿ ಕೈಬರಹ ಅಂದರೆ ಈ ಖಾತೆಯೇ. ನಾವು ಈ ಹೊತ್ತು ಹೇಳಬೇಕಾದ ಮುಖ್ಯ ಮಾತು ಇದೇ.

ಇದು ನಮ್ಮ ರೈತರಿಗೆ ಹೊಸದೇನಲ್ಲ. 2001ರ ಹೊತ್ತಿಗೆ ‘ಭೂಮಿ’ ಯೋಜನೆ ಬಂತಲ್ಲ, ನೆನಪಿಸಿಕೊಳ್ಳಿ. ಅದಕ್ಕೆ ಮುಂಚೆ ಪಹಣಿ ಬೇಕು ಅಂದರೆ ಗ್ರಾಮ ಲೆಕ್ಕಿಗರನ್ನು ಹುಡುಕಿಕೊಂಡು ಅಲೆಯಬೇಕಾಗಿತ್ತು. ರಾಜ್ಯದ ಸುಮಾರು 2 ಕೋಟಿ ಪಹಣಿಗಳನ್ನು ಕಂಪ್ಯೂಟರಿಗೆ ಹತ್ತಿಸಿ, ತಾಲ್ಲೂಕು ಕಚೇರಿಯಲ್ಲಿ 15 ರೂಪಾಯಿಗೆ ಕೊಡಲು ಶುರು ಮಾಡಿದರು. ಆಗ ನಾವೆಲ್ಲ ಕಿಟಕಿಯ ಆಚೆ ಸಾಲಿನಲ್ಲಿ ನಿಂತಿದ್ದೆವು. ಕಿಟಕಿಯ ಒಳಗೆ ಇನ್ನೊಂದು ವ್ಯವಸ್ಥೆ ಇತ್ತು. ಪಹಣಿಯಲ್ಲಿ ಬದಲಾವಣೆ ಮಾಡುವ ನೌಕರರು ಬೆರಳು ಒತ್ತಿ ಗುರುತು ಕೊಟ್ಟ ಮೇಲೇ ಯಂತ್ರ ಒಳಕ್ಕೆ ಬಿಡುತ್ತಿತ್ತು. ಆಮೇಲೆ ‘ನಾನು ಮಾಡಿದ್ದಲ್ಲ, ಇನ್ಯಾರೋ ನನ್ನ ಹೆಸರಲ್ಲಿ ಮಾಡಿದ್ದಾರೆ’ ಅಂತ ಜಾರಿಕೊಳ್ಳಲು ಆಗಬಾರದು ಎಂಬುದೇ ಅದರ ಉದ್ದೇಶ. ನಮ್ಮ ಜಮೀನಿನ ದಾಖಲೆಗೆ 25 ವರ್ಷದ ಹಿಂದೆಯೇ ಇಷ್ಟು ಕಟ್ಟುನಿಟ್ಟು ಬೇಕಾಗಿತ್ತು ಅಂದ ಮೇಲೆ, ನಮ್ಮ ದುಡ್ಡಿನ ದಾಖಲೆಗೆ ಬೇಡವೇ?

ಈಗ ‘ಡೊಮೈನ್’ ಅಂದರೆ ಏನು ಅಂತ ಹೇಳುತ್ತೇವೆ. ನಮ್ಮ ಸಂಘದಲ್ಲಿ ಆರು ಕಂಪ್ಯೂಟರ್ ಇವೆ. ಸಾಲದ ಕೌಂಟರಿನಲ್ಲಿ ಎರಡು, ಪಿಗ್ಮಿ ಲೆಕ್ಕಕ್ಕೆ ಒಂದು, ಗೊಬ್ಬರದ ಮಳಿಗೆಯಲ್ಲಿ ಒಂದು, ಕಾರ್ಯದರ್ಶಿಗಳ ಮೇಜಿನ ಮೇಲೆ ಒಂದು, ಹೊರಗಡೆ ತಗೊಂಡು ಹೋಗಲು ಒಂದು ಲ್ಯಾಪ್‌ಟಾಪ್. ಇವು ಆರೂ ಬೇರೆ ಬೇರೆಯಾಗಿದ್ದರೆ ಪ್ರತಿಯೊಂದರಲ್ಲೂ ಪ್ರತ್ಯೇಕ ಹೆಸರುಪಟ್ಟಿ ಇಡಬೇಕು. ಒಬ್ಬರು ಕೆಲಸ ಬಿಟ್ಟರೆ ಆರು ಕಡೆ ಹೆಸರು ತೆಗೀಬೇಕು, ಒಂದು ಕಡೆ ಮರೆತರೂ ಬಾಗಿಲು ತೆರೆದೇ ಇರುತ್ತದೆ. ಅದಕ್ಕೇ ಒಳಗಿನ ಕೋಣೆಯಲ್ಲಿ ಸರ್ವರ್ ಅಂತ ಒಂದು ದೊಡ್ಡ ಯಂತ್ರ ಇಟ್ಟು, ಆರಕ್ಕೂ ಸೇರಿ ಒಂದೇ ಹಾಜರಿ ಪುಸ್ತಕ ಮಾಡಿದ್ದೇವೆ. ಯಾವ ಕಂಪ್ಯೂಟರಿನ ಮುಂದೆ ಯಾರೇ ಕೂತು ಹೆಸರು ಹೇಳಿದರೂ ಆ ಕಂಪ್ಯೂಟರ್ ಸರ್ವರನ್ನು ಕೇಳುತ್ತದೆ: ‘ಇವರು ನಮ್ಮೋರಾ? ಯಾವ ಕೋಣೆಗೆ ಬಿಡಬಹುದು?’ ಸರ್ವರ್ ಹೂಂ ಅಂದರೆ ಮಾತ್ರ ಬಾಗಿಲು ತೆರೆಯುತ್ತದೆ. ಹೀಗೆ ಒಂದೇ ಹಾಜರಿ ಪುಸ್ತಕಕ್ಕೆ ಒಳಪಟ್ಟ ಕಂಪ್ಯೂಟರುಗಳ ಗುಂಪಿಗೆ ಡೊಮೈನ್ ಅಂತಾರೆ. ಮೈಕ್ರೋಸಾಫ್ಟ್ ಕಂಪನಿಯವರು 2000ನೇ ಇಸವಿಯಲ್ಲಿ ವಿಂಡೋಸ್ 2000 ಜೊತೆಗೆ ಇದಕ್ಕೆ ‘ಆಕ್ಟಿವ್ ಡೈರೆಕ್ಟರಿ’ ಅಂತ ಒಂದು ವ್ಯವಸ್ಥೆ ಕೊಟ್ಟರು. ಅದು ಇವತ್ತಿಗೂ ನಡೀತಾ ಇದೆ, ನಮ್ಮ ಸಂಘದಲ್ಲಿರುವುದೂ ಅದೇ.

ಸಾಲದ ಲೆಕ್ಕದ ಸಾಫ್ಟ್‌ವೇರಿಗೆ ಇದಲ್ಲದೆ ಇನ್ನೊಂದು ಬಾಗಿಲು ಇದೆ. ಅದು ಮನೆಯ ಒಳಗಿನ ಕೋಣೆ ಇದ್ದ ಹಾಗೆ. ಈಗ ಹೇಳುವ ನಿಯಮಗಳು ಹೊರಬಾಗಿಲಿಗೂ ಸರಿ, ಒಳಬಾಗಿಲಿಗೂ ಸರಿ.

ಬಂಧುಗಳೆ, ಒಂದು ನಡೆದ ಸಂಗತಿ ಹೇಳುತ್ತೇವೆ. ಊರಿನ ಹೆಸರು, ಸಂಘದ ಹೆಸರು ಬೇಡ. ಕೆಲವು ವರ್ಷಗಳ ಹಿಂದೆ ಒಂದು ಸಂಘದವರು ಪಂಚಾಯ್ತಿಗೆ ಅಂತ ನಮ್ಮನ್ನೂ ಕರೆದಿದ್ದರು. ಅಲ್ಲಿ ಮೂರು ಜನ ಗುಮಾಸ್ತರು, ಮೂವರಿಗೂ ‘ಆಫೀಸ್’ ಅಂತ ಒಂದೇ ಹೆಸರಿನ ಖಾತೆ, ಒಂದೇ ಪಾಸ್‌ವರ್ಡ್. ಅದನ್ನು ಒಂದು ಚೀಟಿಯಲ್ಲಿ ಬರೆದು ಕಂಪ್ಯೂಟರಿನ ಹಣೆಗೇ ಅಂಟಿಸಿದ್ದರು. ಒಬ್ಬ ಸದಸ್ಯರ ಸಾಲದ ಬಾಬ್ತು 18 ಸಾವಿರ ರೂಪಾಯಿ ಜಮೆ ಆಗಿದೆ ಅಂತ ಕಂಪ್ಯೂಟರ್ ತೋರಿಸುತ್ತಿತ್ತು, ಪೆಟ್ಟಿಗೆಯಲ್ಲಿ ಮಾತ್ರ ಆ ದುಡ್ಡು ಇರಲಿಲ್ಲ. ಒತ್ತಿದವರು ‘ಆಫೀಸ್’. ಆಫೀಸ್ ಅಂದರೆ ಯಾರು? ಮೂವರೂ ತಾವಲ್ಲ ಅಂದರು. ಮೂವರಲ್ಲಿ ಒಬ್ಬಳು ಹೊಸದಾಗಿ ಸೇರಿದ್ದ ಹುಡುಗಿ, ಬಡವರ ಮನೆಯವಳು. ಎಲ್ಲರ ಕಣ್ಣು ಅವಳ ಮೇಲೆ ಬಿತ್ತು. ಅವಳು ಒತ್ತಿದ್ದಳು ಅನ್ನೋದಕ್ಕೆ ಸಾಕ್ಷಿ ಇರಲಿಲ್ಲ, ಒತ್ತಿರಲಿಲ್ಲ ಅನ್ನೋದಕ್ಕೂ ಸಾಕ್ಷಿ ಇರಲಿಲ್ಲ. ನಾವು ಎರಡು ದಿನ ಕೂತರೂ ತೀರ್ಮಾನ ಆಗಲಿಲ್ಲ. ಕೊನೆಗೆ ಮೂವರ ಸಂಬಳದಲ್ಲೂ ಸಮನಾಗಿ ಹಿಡಿದುಕೊಂಡರು. ಆ ಹುಡುಗಿ ಮುಂದಿನ ತಿಂಗಳೇ ಕೆಲಸ ಬಿಟ್ಟಳು. ಊರಲ್ಲಿ ಆಡಿಕೊಳ್ಳುವವರ ಬಾಯಿ ಮಾತ್ರ ಮುಚ್ಚಲಿಲ್ಲ.

ಬೇರೆ ಬೇರೆ ಖಾತೆ ಯಾಕೆ, ನೌಕರರ ಮೇಲೆ ನಂಬಿಕೆ ಇಲ್ಲವಾ ಅಂತ ಕೇಳುವವರಿಗೆ ಇದೇ ಉತ್ತರ. ಬೇರೆ ಖಾತೆ ಇರುವುದು ಪ್ರಾಮಾಣಿಕರನ್ನು ಕಾಪಾಡಲಿಕ್ಕೆ. ಕಳ್ಳನಿಗೆ ಗುಂಪಿನ ಹೆಸರು ಬಹಳ ಇಷ್ಟ. ಅವನ ತಪ್ಪಿನಲ್ಲಿ ಉಳಿದವರಿಗೂ ಪಾಲು ಸಿಗುತ್ತದೆ.

ಈಗ ಖಾತೆಗಳನ್ನು ನೋಡಿಕೊಳ್ಳುವ ಕ್ರಮ. ಇದರಲ್ಲಿ ಮೂರು ಕಾಲ ಉಂಟು: ಸೇರುವ ಕಾಲ, ಬದಲಾಗುವ ಕಾಲ, ಬಿಡುವ ಕಾಲ.

ಸೇರುವ ಕಾಲದಲ್ಲಿ, ಹೊಸ ನೌಕರರಿಗೆ ಖಾತೆ ತೆರೆಯಬೇಕಾದರೆ ಕಾರ್ಯದರ್ಶಿಗಳ ಸಹಿ ಇರುವ ಕಾಗದ ಇರಬೇಕು. ಬಾಯಿ ಮಾತಿಗೆ ತೆರೆಯಬಾರದು. ಮೊದಲ ದಿನ ಕೊಟ್ಟ ಪಾಸ್‌ವರ್ಡನ್ನು ಅವರೇ ಕೂತು ಬದಲಾಯಿಸಬೇಕು. ಅಲ್ಲಿಂದ ಮುಂದೆ ಅದು ಕಾರ್ಯದರ್ಶಿಗಳಿಗೂ ಗೊತ್ತಿರಬಾರದು, ಕಂಪ್ಯೂಟರ್ ರಿಪೇರಿಯವರಿಗೂ ಗೊತ್ತಿರಬಾರದು. ಯಾವ ಕೆಲಸಕ್ಕೆ ಸೇರಿದರೋ ಅಷ್ಟಕ್ಕೇ ಅಧಿಕಾರ. ಗೊಬ್ಬರದ ಮಳಿಗೆಯವರಿಗೆ ಒಡವೆ ಸಾಲದ ಕಡತ ಕಾಣಬೇಕಾಗಿಲ್ಲ. ಸಾಲ ನಮೂದಿಸುವವರು ಒಬ್ಬರು, ಮಂಜೂರು ಒತ್ತುವವರು ಇನ್ನೊಬ್ಬರು ಇರಲಿ.

ಬದಲಾಗುವ ಕಾಲದಲ್ಲಿ ಜನ ಎಡವುತ್ತಾರೆ. ಪಿಗ್ಮಿ ಲೆಕ್ಕದವರನ್ನು ಸಾಲದ ಕೌಂಟರಿಗೆ ಹಾಕುತ್ತೇವೆ, ಹೊಸ ಅಧಿಕಾರ ಕೊಡುತ್ತೇವೆ, ಹಳೇದನ್ನು ವಾಪಸ್ ತಗೊಳ್ಳೋದಿಲ್ಲ. ಐದು ವರ್ಷ ಕಳೆದರೆ ಒಬ್ಬರ ಕೈಯಲ್ಲೇ ಎಲ್ಲಾ ಬೀಗದ ಕೈ ಸೇರಿರುತ್ತದೆ. ಅವರು ಒಳ್ಳೆಯವರೇ ಇರಬಹುದು. ಅವರ ಪಾಸ್‌ವರ್ಡ್ ಯಾರಾದರೂ ಕದ್ದರೆ ಇಡೀ ಸಂಘ ಕದ್ದ ಹಾಗೆ.

ಬಿಡುವ ಕಾಲದಲ್ಲಿ, ಕೆಲಸ ಬಿಟ್ಟ ದಿನ ಸಂಜೆಯೊಳಗೆ ಖಾತೆಯನ್ನು ಮುಚ್ಚಬೇಕು. ಮುಚ್ಚಬೇಕು ಅಂದೆವು, ಅಳಿಸಬೇಕು ಅನ್ನಲಿಲ್ಲ. ವ್ಯತ್ಯಾಸ ಗಮನಿಸಿ. ನಮ್ಮ ಸಂಘದಲ್ಲಿ ತೀರಿಕೊಂಡ ಸದಸ್ಯರ ನಂಬರನ್ನು ಇನ್ನೊಬ್ಬರಿಗೆ ಕೊಡುತ್ತೇವಾ? ಕೊಡೋದಿಲ್ಲ. ಅದೇ ಥರ ಸರ್ವರಿನಲ್ಲಿ ಪ್ರತಿ ಖಾತೆಗೂ ಒಳಗೊಂದು ನಂಬರ್ ಇರುತ್ತದೆ. ಖಾತೆ ಅಳಿಸಿ ಅದೇ ಹೆಸರಿನಲ್ಲಿ ಮತ್ತೆ ತೆರೆದರೂ ನಂಬರ್ ಬೇರೆ ಆಗುತ್ತದೆ. ಹಳೇ ದಾಖಲೆಯಲ್ಲಿ ಹೆಸರಿನ ಬದಲು ಬರೀ ಆ ನಂಬರ್ ಉಳಿಯುತ್ತದೆ, ಆಡಿಟರು ಕೇಳಿದಾಗ ಅದು ಯಾರದು ಅಂತ ಹೇಳಲಾಗದು. ಅದಕ್ಕೇ ಬೀಗ ಹಾಕಿ ಇಡಬೇಕು. ಇನ್ನೊಂದು ಮಾತು, ಲ್ಯಾಪ್‌ಟಾಪ್ ಅವರ ಮನೆಯಲ್ಲಿದ್ದರೆ ಮೊದಲು ಇಸ್ಕೊಳ್ಳಿ. ಸರ್ವರಿನ ಸಂಪರ್ಕ ಇಲ್ಲದಿದ್ದಾಗ ಅದು ಹಿಂದಿನ ಪಾಸ್‌ವರ್ಡನ್ನೇ ನೆನಪಿಟ್ಟುಕೊಂಡು ತೆರೆಯುತ್ತದೆ. ಆಫೀಸಿನಲ್ಲಿ ಖಾತೆ ಮುಚ್ಚಿದ್ದು ಅದಕ್ಕೆ ಗೊತ್ತೇ ಇರೋದಿಲ್ಲ.

ಪಾಸ್‌ವರ್ಡ್ ವಿಚಾರ. ಊರ ದೇವರ ಹೆಸರು, ಮಕ್ಕಳ ಹೆಸರು, ಮೊಬೈಲ್ ನಂಬರ್ ಇಡಬೇಡಿ. ತಿಂಗಳಿಗೊಮ್ಮೆ ಬದಲಾಯಿಸಿ ಅಂತ ಹಿಂದೆ ಹೇಳುತ್ತಿದ್ದರು. ಜನ ಏನು ಮಾಡುತ್ತಿದ್ದರು? ಕೊನೆಯಲ್ಲಿ ಒಂದು ಇದ್ದದ್ದನ್ನು ಎರಡು ಮಾಡುತ್ತಿದ್ದರು, ಅಷ್ಟೇ. ಅಮೆರಿಕದ ಎನ್‌ಐಎಸ್‌ಟಿ ಎಂಬ ಸರ್ಕಾರಿ ಸಂಸ್ಥೆ 2017ರಲ್ಲೇ ಈ ಪದ್ಧತಿ ಬೇಡ ಅಂತು. ಉದ್ದವಾಗಿರುವುದನ್ನು ಇಟ್ಟುಕೊಳ್ಳಿ, ಕದ್ದು ಹೋಗಿದೆ ಅಂತ ಅನುಮಾನ ಬಂದರೆ ತಕ್ಷಣ ಬದಲಾಯಿಸಿ ಅಂತ ಹೇಳಿತು. ಸಂಬಂಧವಿಲ್ಲದ ನಾಲ್ಕು ಪದ ಜೋಡಿಸಿದರೆ ನೆನಪಿನಲ್ಲೂ ಇರುತ್ತದೆ, ಬೇರೆಯವರು ಊಹಿಸಲೂ ಕಷ್ಟ.

ಮರೆತರೆ? ಮರೆಯೋದು ಸಹಜ. ರಿಪೇರಿಯವರಿಗೆ ಫೋನ್ ಮಾಡಿ ‘ನಾನು ಕಾರ್ಯದರ್ಶಿ ಮಾತಾಡ್ತಿದ್ದೀನಿ, ಪಾಸ್‌ವರ್ಡ್ ಬದಲಾಯಿಸಿ ಕೊಡಪ್ಪ’ ಅಂದರೆ ಕೊಟ್ಟುಬಿಡಬಾರದು. ದನಿ ಯಾರದಾದರೂ ಆಗಬಹುದು. ಅವರು ಫೋನ್ ಇಟ್ಟು, ಸಂಘದ ನಂಬರಿಗೆ ತಾವೇ ವಾಪಸ್ ಫೋನ್ ಮಾಡಿ ಖಾತ್ರಿ ಮಾಡಿಕೊಳ್ಳಬೇಕು. ಹಾಗೆ ಮಾಡಿದರೆ ನಮ್ಮ ಕಾರ್ಯದರ್ಶಿಗಳು ಸಿಟ್ಟಾಗಬಾರದು, ‘ಭೇಷ್’ ಅನ್ನಬೇಕು.

ಈಗ ಬಹಳ ಮುಖ್ಯವಾದ ಘಟ್ಟಕ್ಕೆ ಬಂದೆವು. ಸರ್ವರನ್ನು ನೋಡಿಕೊಳ್ಳುವವರು ಯಾರು? ನಮ್ಮ ಹಳ್ಳಿಯಲ್ಲಿ ಆ ವಿದ್ಯೆ ಬಲ್ಲವರು ಇಲ್ಲ. ಪೇಟೆಯಿಂದ ಹುಡುಗರು ಬರುತ್ತಾರೆ. ಅದೇ ಹುಡುಗರು ಗೌರಿಬಿದನೂರಿನ ಫ್ಯಾಕ್ಟರಿಗೂ ಹೋಗುತ್ತಾರೆ, ಚಿಂತಾಮಣಿಯ ಟೊಮೇಟೊ ಮಂಡಿಗೂ ಹೋಗುತ್ತಾರೆ, ಶಿಡ್ಲಘಟ್ಟದ ರೇಷ್ಮೆ ವ್ಯಾಪಾರಿಗಳ ಆಫೀಸಿಗೂ, ಚಿಕ್ಕಬಳ್ಳಾಪುರದ ಶಾಲೆ, ನರ್ಸಿಂಗ್ ಹೋಮುಗಳಿಗೂ ಹೋಗುತ್ತಾರೆ. ಒಳ್ಳೇ ಹುಡುಗರು, ರಾತ್ರಿ ಕರೆದರೂ ಬೈಕ್ ಹತ್ತಿ ಬರುತ್ತಾರೆ. ಅವರ ಕೈಯಲ್ಲಿರುವುದು ‘ಅಡ್ಮಿನಿಸ್ಟ್ರೇಟರ್’ ಅನ್ನುವ ದೊಡ್ಡ ಖಾತೆ. ಅದು ಇದ್ದರೆ ಯಾರ ಪಾಸ್‌ವರ್ಡನ್ನಾದರೂ ಬದಲಾಯಿಸಬಹುದು, ಯಾರನ್ನಾದರೂ ಒಳಗೆ ಬಿಡಬಹುದು, ದಾಖಲೆಯನ್ನೂ ಅಳಿಸಬಹುದು. ಬೇಲಿಯೇ ಎದ್ದು ಹೊಲ ಮೇದಂತೆ ಅನ್ನುವ ಗಾದೆ ಹುಟ್ಟಿದ್ದು ಇಂಥ ಕಡೆಗೇ.

ಬೇಲಿ ತಾನೇ ಮೇಯದಿದ್ದರೂ, ಬೇಲಿ ಮುರಿದು ಬೇರೆಯವರ ದನ ನುಗ್ಗಬಹುದು. 2021ರ ಜುಲೈ ತಿಂಗಳಲ್ಲಿ ಸ್ವೀಡನ್ ದೇಶದಲ್ಲಿ ಹೀಗೇ ಆಯಿತು. ಅಲ್ಲಿ ‘ಕೂಪ್’ ಅಂತ ಗ್ರಾಹಕರ ಸಹಕಾರಿ ಅಂಗಡಿಗಳು ಇವೆ, ಸುಮಾರು 800. ಒಂದು ದಿನ ಅವುಗಳಲ್ಲಿ ಬಹುಪಾಲು ಬಾಗಿಲು ತೆರೆಯಲಿಲ್ಲ, ಬಿಲ್ ಹಾಕುವ ಯಂತ್ರವೇ ನಡೆಯಲಿಲ್ಲ. ಕಳ್ಳರು ಕೂಪಿನ ಬಾಗಿಲನ್ನು ನೇರವಾಗಿ ಮುಟ್ಟಿರಲಿಲ್ಲ. ಕಂಪ್ಯೂಟರ್ ನೋಡಿಕೊಳ್ಳುವ ಕಂಪನಿಗಳು ದೂರದಿಂದ ಕೆಲಸ ಮಾಡಲು ಬಳಸುವ ‘ಕಸೇಯಾ’ ಎಂಬ ಸಾಫ್ಟ್‌ವೇರಿನ ಮೂಲಕ ನುಗ್ಗಿದ್ದರು. ಒಂದೇ ಬಾಗಿಲಿನಿಂದ ನಾನಾ ದೇಶಗಳ ಸಾವಿರದಷ್ಟು ಸಂಸ್ಥೆಗಳಿಗೆ ತೊಂದರೆ ಆಯಿತು.

ನಮ್ಮ ದೇಶದ ಮಾತೇ ಬೇಕಾದರೆ ಕೇಳಿ. 2024ರ ಜುಲೈ ಕೊನೆಯಲ್ಲಿ, ಸಣ್ಣ ಬ್ಯಾಂಕುಗಳಿಗೆ ಕಂಪ್ಯೂಟರ್ ಸೇವೆ ಕೊಡುವ ಸಿ-ಎಡ್ಜ್ ಎಂಬ ಕಂಪನಿಯ ಮೇಲೆ ಇಂಥದೇ ದಾಳಿ ಆಯಿತು. ತೊಂದರೆ ಹರಡದಿರಲಿ ಅಂತ ಆ ಕಂಪನಿಯನ್ನು ಪಾವತಿ ಜಾಲದಿಂದ ಬೇರ್ಪಡಿಸಿದರು. ಸುಮಾರು 300 ಸಣ್ಣ ಬ್ಯಾಂಕುಗಳ ಗ್ರಾಹಕರಿಗೆ ಹಣ ಕಳಿಸಲು, ತೆಗೆಯಲು ಅಡಚಣೆ ಆಯಿತು. ಅವೆಲ್ಲ ನಮ್ಮಂಥವರದೇ ಸಹಕಾರಿ ಬ್ಯಾಂಕು, ಗ್ರಾಮೀಣ ಬ್ಯಾಂಕುಗಳು. ಮಾರನೇ ದಿನ ಸರಿ ಹೋಯಿತು ಅನ್ನಿ.

ಆದ್ದರಿಂದ ರಿಪೇರಿಯವರ ಜೊತೆ ಒಪ್ಪಂದ ಮಾಡಿಕೊಳ್ಳುವಾಗ ನಾಲ್ಕು ಮಾತು ಬರೆಸಿಕೊಳ್ಳಬೇಕು. ಒಂದನೇದು, ಬರುವ ಪ್ರತಿ ಹುಡುಗನಿಗೂ ಅವನ ಹೆಸರಿನದೇ ಖಾತೆ. ಅವನು ಆ ಕಂಪನಿ ಬಿಟ್ಟ ದಿನ ನಮಗೆ ತಿಳಿಸಬೇಕು, ನಾವು ಮುಚ್ಚಿಸಬೇಕು. ಎರಡನೇದು, ಹತ್ತು ಕಡೆಯ ಸರ್ವರಿಗೂ ಒಂದೇ ಪಾಸ್‌ವರ್ಡ್ ಇಡಬಾರದು. ಹಾಗೆ ಇಟ್ಟರೆ ಮಂಡಿಯಲ್ಲಿ ಕದ್ದ ಬೀಗದ ಕೈ ನಮ್ಮ ಸಂಘದ ಬಾಗಿಲಿಗೂ ಸರಿಹೋಗುತ್ತದೆ. ಮೂರನೇದು, ದೊಡ್ಡ ಖಾತೆಯನ್ನು ದಿನದ ಕೆಲಸಕ್ಕೆ ಬಳಸಬಾರದು. ಪ್ರಿಂಟರ್ ಸರಿಮಾಡಲು ತಿಜೋರಿಯ ಕೈ ಯಾಕೆ? ನಾಲ್ಕನೇದು, ಒಪ್ಪಂದ ಮುಗಿದರೆ ಎಲ್ಲಾ ಪಾಸ್‌ವರ್ಡುಗಳನ್ನೂ ಲಿಖಿತವಾಗಿ ಸಂಘಕ್ಕೆ ಒಪ್ಪಿಸಿ ರಸೀದಿ ಪಡೆಯಬೇಕು. ಅದೇ ದಿನ ನಾವು ಅವನ್ನೆಲ್ಲ ಬದಲಾಯಿಸಿಕೊಳ್ಳಬೇಕು.

ಸಂಘದ ತಿಜೋರಿಗೆ ಎರಡು ಕೈ ಇರುತ್ತವೆ, ಒಬ್ಬರೇ ತೆರೆಯಲು ಆಗೋದಿಲ್ಲ. ಅದೇ ರೀತಿ ದೊಡ್ಡ ಖಾತೆಯ ಪಾಸ್‌ವರ್ಡನ್ನು ಕಾಗದದಲ್ಲಿ ಬರೆದು, ಲಕೋಟೆಗೆ ಹಾಕಿ, ಅರಗು ಮುದ್ರೆ ಒತ್ತಿ, ಅಧ್ಯಕ್ಷರು ಮತ್ತು ಕಾರ್ಯದರ್ಶಿಗಳು ಸಹಿ ಮಾಡಿ ತಿಜೋರಿಯಲ್ಲಿ ಇಡಬೇಕು. ನಾಳೆ ರಿಪೇರಿ ಕಂಪನಿ ಮುಚ್ಚಿ ಹೋದರೂ, ಆ ಹುಡುಗ ದುಬೈಗೆ ಹೋದರೂ ನಮ್ಮ ಲೆಕ್ಕ ನಮಗೆ ಸಿಗಬೇಕು. ಲಕೋಟೆ ಒಡೆದರೆ ನಡವಳಿಯಲ್ಲಿ ಬರೆಯಬೇಕು, ಪಾಸ್‌ವರ್ಡ್ ಬದಲಾಯಿಸಿ ಹೊಸ ಲಕೋಟೆ ಇಡಬೇಕು.

ಸರ್ವರ್ ನಮ್ಮ ಆವರಣದಲ್ಲೇ ಇರುವುದರಿಂದ ಅದರ ಆರೈಕೆಯೂ ನಮ್ಮದೇ. ಹಾಜರಿ ಪುಸ್ತಕ ಒಂದೇ ಇದ್ದು ಅದು ಸುಟ್ಟುಹೋದರೆ ಯಾರೂ ಒಳಗೆ ಬರಲಾಗದು. ಸಾಧ್ಯವಾದರೆ ಎರಡನೇ ಸರ್ವರ್ ಇಡಿ. ಆಗದಿದ್ದರೆ ಪ್ರತಿದಿನ ನಕಲು ತೆಗೆದು, ಒಂದು ನಕಲನ್ನು ಯಂತ್ರದಿಂದ ಕಳಚಿ ಬೇರೆ ಕಟ್ಟಡದಲ್ಲಿ ಇಡಿ. ವರ್ಷಕ್ಕೆ ಎರಡು ಸಲವಾದರೂ ಆ ನಕಲಿನಿಂದ ಮತ್ತೆ ಎಬ್ಬಿಸಿ ನೋಡಿ. ನೋಡದ ನಕಲು ಮೊಳಕೆ ಪರೀಕ್ಷೆ ಮಾಡದ ಬಿತ್ತನೆ ಬೀಜದಂತೆ. ಯುಪಿಎಸ್ ಸರಿಯಾಗಿರಲಿ, ನಮ್ಮ ಕಡೆ ಕರೆಂಟಿನ ಕಥೆ ನಿಮಗೆ ಗೊತ್ತೇ ಇದೆ. ಇನ್ನೊಂದು ಸಣ್ಣ ವಿಷಯ ಗಡಿಯಾರ. ಸರ್ವರಿನ ಸಮಯಕ್ಕೂ ಕಂಪ್ಯೂಟರಿನ ಸಮಯಕ್ಕೂ ಐದು ನಿಮಿಷಕ್ಕಿಂತ ಹೆಚ್ಚು ಅಂತರ ಬಂದರೆ, ಪಾಸ್‌ವರ್ಡ್ ಸರಿಯಿದ್ದರೂ ಒಳಗೆ ಬಿಡದೆ ತಕರಾರು ಮಾಡುತ್ತದೆ. ಬೆಳಿಗ್ಗೆ ಬಾಗಿಲು ತೆರೆಯದಿದ್ದರೆ ಮೊದಲು ಗಡಿಯಾರ ನೋಡಿ.

ಯಾರು ಯಾವಾಗ ಒಳಗೆ ಬಂದರು ಅಂತ ಸರ್ವರ್ ತಾನೇ ಬರೆದಿಡುತ್ತದೆ. ಜಾಗ ತುಂಬಿದರೆ ಹಳೇದರ ಮೇಲೆ ಹೊಸದು ಬರೆಯುತ್ತದೆ, ಅದಕ್ಕೇ ಆಗಾಗ ತೆಗೆದಿಡಬೇಕು. ಸಂಸ್ಥೆಗಳು ಇಂಥ ದಾಖಲೆಯನ್ನು 180 ದಿನ ಇಟ್ಟಿರಬೇಕು ಅಂತ ಕೇಂದ್ರ ಸರ್ಕಾರದ ಸರ್ಟ್-ಇನ್ ಸಂಸ್ಥೆ 2022ರಲ್ಲೇ ಆದೇಶ ಮಾಡಿದೆ.

ಕೆಲವರು ಕೇಳಬಹುದು: ‘2022ರಲ್ಲಿ ಕೇಂದ್ರ ಸರ್ಕಾರ 2,516 ಕೋಟಿ ರೂಪಾಯಿಯಲ್ಲಿ 63 ಸಾವಿರ ಪ್ರಾಥಮಿಕ ಕೃಷಿ ಪತ್ತಿನ ಸಂಘಗಳ ಗಣಕೀಕರಣಕ್ಕೆ ಮಂಜೂರಾತಿ ಕೊಟ್ಟಿತು. ಅಂಥಾ ಸಂಘಗಳಿಗೆ ಎಲ್ಲರಿಗೂ ಒಂದೇ ಸಾಫ್ಟ್‌ವೇರ್ ಬರುತ್ತೆ, ಈ ತಲೆನೋವೆಲ್ಲ ಅವರಿಗೆ ಯಾಕೆ?’ ಸಾಫ್ಟ್‌ವೇರ್ ಎಲ್ಲೇ ಇರಲಿ, ಅದರೊಳಗೆ ಹೋಗುವ ಹೆಸರು ನಮ್ಮ ನೌಕರರದು. ಆ ಪಾಸ್‌ವರ್ಡನ್ನು ಚೀಟಿಯಲ್ಲಿ ಬರೆದು ಅಂಟಿಸಿದರೆ ದೆಹಲಿಯವರು ಬಂದು ಕಿತ್ತುಹಾಕೋದಿಲ್ಲ.

ನಮ್ಮ ಗೌರಿಬಿದನೂರು ತಾಲ್ಲೂಕಿನ ಹೊಸೂರಿನಲ್ಲಿ ಹುಟ್ಟಿದ ಡಾ. ಎಚ್. ನರಸಿಂಹಯ್ಯನವರು ಬದುಕಿರುವ ತನಕ ಪ್ರಶ್ನೆ ಕೇಳಿ, ಪರೀಕ್ಷೆ ಮಾಡಿ ಒಪ್ಪಿಕೊಳ್ಳಿ ಅಂತ ಜನರಿಗೆ ಹೇಳಿದವರು. ಅವರ ಸೀಮೆಯವರಾದ ನಾವು ವಾರ್ಷಿಕ ಮಹಾಸಭೆಯಲ್ಲಿ ಡಿವಿಡೆಂಡ್ ಎಷ್ಟು, ಊಟಕ್ಕೆ ಏನು ಅಂತ ಕೇಳಿ ಎದ್ದು ಬಂದರೆ ಸಾಲದು. ಸದಸ್ಯರಾದ ನೀವು ಈ ಪ್ರಶ್ನೆಗಳನ್ನೂ ಕೇಳಿ. ಸಂಘದ ಕಂಪ್ಯೂಟರಿನಲ್ಲಿ ಒಟ್ಟು ಎಷ್ಟು ಖಾತೆ ಇವೆ, ಕೆಲಸದಲ್ಲಿರುವ ನೌಕರರು ಎಷ್ಟು? ಖಾತೆ ಹೆಚ್ಚಿದ್ದರೆ ಆ ಹೆಚ್ಚಿನವು ಯಾರವು? ಲಕೋಟೆ ತಿಜೋರಿಯಲ್ಲಿ ಇದೆಯಾ? ನಕಲಿನಿಂದ ಕೊನೆಯ ಸಲ ಎಬ್ಬಿಸಿ ನೋಡಿದ್ದು ಯಾವಾಗ? ಇದಕ್ಕೆ ಉತ್ತರ ಹೇಳಲು ನಾವು ನಿರ್ದೇಶಕರು ತಡವರಿಸಿದರೆ ನಮ್ಮನ್ನು ಬಿಡಬೇಡಿ. ನಮ್ಮ ಮಂಡಳಿಯಲ್ಲಿ ಮೂರು ತಿಂಗಳಿಗೊಮ್ಮೆ ಖಾತೆಗಳ ಪಟ್ಟಿ ತರಿಸಿ, ಹಾಜರಿ ಪುಸ್ತಕದ ಜೊತೆ ತಾಳೆ ನೋಡಿ, ನಡವಳಿಯಲ್ಲಿ ಬರೆಯುವ ಠರಾವು ಮಾಡಿದ್ದೇವೆ. ಹೊರಗಿನಿಂದ ಬಂದಿರುವ ಸಂಘದವರೂ ಈ ಠರಾವು ಮಾಡಿಕೊಳ್ಳಿ ಅಂತ ಕೇಳಿಕೊಳ್ಳುತ್ತೇವೆ. ಇದಕ್ಕೆ ಒಂದು ಕಾಸೂ ಖರ್ಚಿಲ್ಲ, ಅರ್ಧ ಗಂಟೆ ಸಾಕು. ಕೋಟೆ ಕೊಳ್ಳೆ ಹೊಡೆದ ಮೇಲೆ ದಿಡ್ಡಿ ಬಾಗಿಲು ಹಾಕಿದರೆ ಏನು ಬಂತು?

ಈ 25 ವರ್ಷದಲ್ಲಿ ಹಿರಿಯರು ನಮಗೆ ಕಟ್ಟಿಕೊಟ್ಟದ್ದು ಕಟ್ಟಡಕ್ಕಿಂತ ಹೆಚ್ಚಾಗಿ ಹೆಸರು. ಈ ಸಂಘದಲ್ಲಿ ದುಡ್ಡು ಇಟ್ಟರೆ ದುಡ್ಡು ಇರುತ್ತೆ ಅನ್ನುವ ಹೆಸರು. ಆ ಹೆಸರು ಈಗ ಒಳಗಿನ ಕೋಣೆಯ ಆ ಯಂತ್ರದಲ್ಲಿ ಕೂತಿದೆ. ಅದರ ಬೀಗದ ಕೈ ಯಾವ ಒಬ್ಬರದೂ ಆಗದೆ ಸಂಘದ್ದೇ ಆಗಿ ಉಳಿಯಲಿ ಎಂದು ಹಾರೈಸುತ್ತೇವೆ.

ಜೈ ಸಹಕಾರ! ಜೈ ಕರ್ನಾಟಕ!